ನಾದದ ತಿರುಪು ಯಾರ ಕೈಯಲ್ಲಿ?

ಗಿಟಾರ್ ಎಂಬ ವಾದ್ಯ ಬೆಂಗಳೂರಿನ ಉತ್ತರದ ಬಡಾವಣೆಗಳಿಗೆ ಈಗ ಹೊಸದೇನಲ್ಲ. ಯಲಹಂಕ, ಅಲ್ಲಾಳಸಂದ್ರ, ಹೆಬ್ಬಾಳದ ಬೀದಿಗಳಲ್ಲಿ ಸಂಜೆಯ ಹೊತ್ತು ಬೆನ್ನಿಗೆ ಉದ್ದನೆಯ ಕಪ್ಪು ಚೀಲ ಏರಿಸಿಕೊಂಡು ಪಾಠಕ್ಕೆ ಹೊರಟ ಹುಡುಗ ಹುಡುಗಿಯರನ್ನು ದಿನವೂ ಕಾಣುತ್ತೇವೆ. ಹಿಂದಿನ ತಲೆಮಾರಿನಲ್ಲಿ ಪಿಟೀಲಿನ ಪೆಟ್ಟಿಗೆಗೆ ಇದ್ದ ಸ್ಥಾನ ಈಗ ಈ ಚೀಲಕ್ಕೆ ಬಂದಿದೆ. ಅಂಥ ಒಬ್ಬ ಹುಡುಗ, ನನ್ನಲ್ಲಿ ಕನ್ನಡ ಓದುವವನು, ಒಂದು ದಿನ ತರಗತಿ ಮುಗಿದ ಮೇಲೆ ನನ್ನನ್ನು ತಡೆದು ನಿಲ್ಲಿಸಿ ಕೇಳಿದ: “ಸರ್, ಅಂಗಡಿಯಲ್ಲಿ ಎರಡು ಆಂಪ್ಲಿಫೈಯರ್ ನೋಡಿ ಬಂದಿದೀನಿ. ಒಂದರಲ್ಲಿ ಟೋನ್ ಅಂತ ಒಂದೇ ನಾಬ್ ಇದೆ. ಇನ್ನೊಂದರಲ್ಲಿ ಬಾಸ್, ಮಿಡಲ್, ಟ್ರೆಬಲ್, ಪ್ರೆಸೆನ್ಸ್ ಅಂತ ನಾಲ್ಕಿವೆ, ಬೆಲೆಯೂ ಜಾಸ್ತಿ. ಅದರಿಂದ ನಾದ ಅಷ್ಟೊಂದು ಬೇರೆ ಆಗುತ್ತಾ?”

ಕನ್ನಡದ ಮೇಷ್ಟರನ್ನು ಕೇಳುವ ಪ್ರಶ್ನೆಯೇ ಇದು ಎಂದು ಓದುಗರು ನಗಬಹುದು. ನಾನು ಗಿಟಾರ್ ನುಡಿಸುವವನಲ್ಲ. ಸಂಗೀತ ಕೇಳುವ ಮತ್ತು ಹಳೆಯ ಪುಸ್ತಕಗಳನ್ನು ಮಗುಚುವ ಚಪಲವೊಂದಿದೆ, ಅಷ್ಟೆ. ಆದರೆ ಈ ಪ್ರಶ್ನೆಯನ್ನು ಸ್ವಲ್ಪ ಕೆದಕಿ ನೋಡಿದರೆ ಅದು ಅಂಗಡಿಯ ಪ್ರಶ್ನೆಯಾಗಿ ಮಾತ್ರ ಉಳಿಯುವುದಿಲ್ಲ. ಶ್ರುತಿ ಒಂದೇ, ಸ್ವರ ಒಂದೇ. ಆದರೂ ಒಂದು ನಾದ ಕಿವಿಗೆ ತಂಪು, ಇನ್ನೊಂದು ಒರಟು. ಈ ಭೇದ ಎಲ್ಲಿ ಹುಟ್ಟುತ್ತದೆ? ಅದನ್ನು ತಿದ್ದುವ ಅಧಿಕಾರ ಯಾರದು? ಈ ಅಧಿಕಾರ ಕಳೆದ ನೂರು ವರ್ಷಗಳಲ್ಲಿ ಕೈಯಿಂದ ಕೈಗೆ ಹೋದ ಕಥೆಯೇ ಟೋನ್ ಕಂಟ್ರೋಲಿನ ಚರಿತ್ರೆ. ಅದರ ಒಂದೆರಡು ಘಟ್ಟಗಳು ನಮ್ಮ ಅಲ್ಲಾಳಸಂದ್ರದಿಂದ ಬಹು ದೂರವೇನೂ ಇಲ್ಲ. ಇಂಗ್ಲಿಷಿನ ನಾಬ್ ಎಂಬುದನ್ನು ನಮ್ಮ ಹಿರಿಯರು ರೇಡಿಯೋದ ತಿರುಪು ಎನ್ನುತ್ತಿದ್ದರು. ನಾನೂ ಇಲ್ಲಿ ಆ ಮಾತನ್ನೇ ಬಳಸುತ್ತೇನೆ.

ನಾದದ ಗುಣಭೇದವನ್ನು ಹೆಸರಿಟ್ಟು ಕರೆಯುವ ಅಭ್ಯಾಸ ಹೊಸದಲ್ಲ. ಇಂದಿನ ಗಿಟಾರ್ ವಾದಕರು ತಮ್ಮ ಆಂಪ್ಲಿಫೈಯರಿನ ನಾದವನ್ನು ಬೆಚ್ಚಗಿದೆ, ದಪ್ಪಗಿದೆ, ತೆಳುವಾಗಿದೆ, ಚುಚ್ಚುತ್ತದೆ ಎಂದು ಬಣ್ಣಿಸುತ್ತಾರೆ. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ‘ಸಂಗೀತರತ್ನಾಕರ’ದಲ್ಲಿ ಕಂಠಧ್ವನಿಯನ್ನು ಖಾಹುಲ, ನಾರಾಟ, ಬೋಂಬಕ, ಮಿಶ್ರಕ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದ್ದಾನೆ. ಮೊದಲನೆಯದು ಸ್ನಿಗ್ಧ, ಮಧುರ. ಎರಡನೆಯದು ಘನ, ಗಂಭೀರ. ಮೂರನೆಯದು ಒಳಗೆ ತಿರುಳಿಲ್ಲದ ಒರಟು ಧ್ವನಿ. ನಾಲ್ಕನೆಯದು ಇವುಗಳ ಬೆರಕೆ. ಮೊದಲ ಮೂರಕ್ಕೆ ಕಫ, ಪಿತ್ತ, ವಾತಗಳೇ ಮೂಲವೆಂದು ಆತ ಹೇಳುತ್ತಾನೆ. ಈ ಗ್ರಂಥಕ್ಕೆ ೧೫ನೆಯ ಶತಮಾನದ ವಿಜಯನಗರದಲ್ಲಿ ಕಲ್ಲಿನಾಥ ‘ಕಲಾನಿಧಿ’ ಎಂಬ ವ್ಯಾಖ್ಯಾನ ಬರೆದ. ಕಾರಣ ಸರಿಯೋ ತಪ್ಪೋ, ಅದು ಬೇರೆ ಮಾತು. ಸ್ವರಸ್ಥಾನದಿಂದ ಬೇರೆಯಾದ ಒಂದು ಗುಣ ನಾದಕ್ಕೆ ಉಂಟು, ಅದನ್ನು ಕಿವಿ ಗುರುತಿಸಿ ವರ್ಗೀಕರಿಸಬಲ್ಲದು ಎಂಬ ಅರಿವು ಅಷ್ಟು ಹಿಂದೆಯೇ ನಮ್ಮಲ್ಲಿ ಇತ್ತೆಂಬುದು ಮುಖ್ಯ.

ಅರಿವಿನ ಜೊತೆಗೆ ಉಪಾಯವೂ ಇತ್ತು. ತಂಬೂರಿಯನ್ನು ಹತ್ತಿರದಿಂದ ನೋಡಿದವರಿಗೆ ಅದರ ಕುದುರೆಯ ಮೇಲೆ, ತಂತಿಯ ಕೆಳಗೆ, ಒಂದೊಂದು ಎಳೆ ದಾರ ಸಿಕ್ಕಿಸಿರುವುದು ಗೊತ್ತು. ಅದಕ್ಕೆ ಜೀವಾಳ ಎಂದು ಹೆಸರು. ಎಷ್ಟು ಸಾರ್ಥಕವಾದ ಹೆಸರು! ದಾರವನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸಿದರೆ, ಮೊದ್ದಾಗಿ ಬಿದ್ದಿದ್ದ ತಂತಿ ಝೇಂಕರಿಸತೊಡಗುತ್ತದೆ. ತಂತಿಯ ಮೂಲಸ್ವರದ ಮೇಲೆ ಅದರ ಎರಡರಷ್ಟು, ಮೂರರಷ್ಟು, ಐದರಷ್ಟು ವೇಗದಲ್ಲಿ ಕಂಪಿಸುವ ಉಪಸ್ವರಗಳು ಎದ್ದು ನಿಲ್ಲುತ್ತವೆ. ಮಂದ್ರದ ತಂತಿಯಿಂದ ತಾನಾಗಿಯೇ ಹೊಮ್ಮುವ ಸ್ವಯಂಭೂ ಗಾಂಧಾರ ಇಂಥದೊಂದು ಉಪಸ್ವರವೇ. ಮೃದಂಗದ ಎಡಗಡೆಯ ತೊಪ್ಪಿಗೆ ವಿದ್ವಾಂಸರು ಕಛೇರಿಗೆ ಮೊದಲು ರವೆಯ ಕಣಕ ಮೆತ್ತುವುದೂ ಇದೇ ಜಾತಿಯ ಕೆಲಸ: ಕಣಕ ಹೆಚ್ಚಿದರೆ ಗುಮಕಿ ತಗ್ಗುತ್ತದೆ, ಕಡಿಮೆಯಾದರೆ ಏರುತ್ತದೆ. ವೈಣಿಕ ಕುದುರೆಯ ಸಮೀಪ ಮೀಟಿದರೆ ನಾದ ಗಡುಸು, ಸ್ವಲ್ಪ ಮುಂದೆ ಸರಿದು ಮೀಟಿದರೆ ಮೃದು. ಇವೆಲ್ಲವೂ ಟೋನ್ ಕಂಟ್ರೋಲುಗಳೇ. ವಿದ್ಯುತ್ತಿಲ್ಲ ಎಂಬುದೊಂದೇ ವ್ಯತ್ಯಾಸ.

ಜೀವಾಳದ ಮರ್ಮವನ್ನು ವಿಜ್ಞಾನದ ಕಣ್ಣಿನಿಂದ ಮೊದಲು ನೋಡಿದವರು ಸಿ. ವಿ. ರಾಮನ್. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೆಯೋ ಆ ಬಿಂದುವಿನಲ್ಲಿ ಅಲುಗಾಡದೆ ಇರಬೇಕಾದ ಉಪಸ್ವರಗಳು ಹುಟ್ಟಲಾರವು ಎಂದು ಪಾಶ್ಚಾತ್ಯ ವಿಜ್ಞಾನಿಗಳು ನಿಯಮ ಮಾಡಿದ್ದರು. ತಂಬೂರಿ, ವೀಣೆಗಳು ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ, ಅದಕ್ಕೆ ಅವುಗಳ ಬಾಗಿದ ಅಗಲವಾದ ಕುದುರೆಯೇ ಕಾರಣ ಎಂದು ರಾಮನ್ ೧೯೨೧ರಲ್ಲಿ, ಕಲ್ಕತ್ತೆಯಲ್ಲಿದ್ದಾಗ, ತೋರಿಸಿದರು. ೧೯೩೩ರಲ್ಲಿ ಅವರು ಬೆಂಗಳೂರಿಗೆ ಬಂದರು. ೧೯೪೮ರಲ್ಲಿ ತಮ್ಮದೇ ಸಂಶೋಧನಾ ಮಂದಿರವನ್ನು ಕಟ್ಟಿದರು. ಅಲ್ಲಾಳಸಂದ್ರದಿಂದ ಬಳ್ಳಾರಿ ರಸ್ತೆ ಹಿಡಿದು ಹೆಬ್ಬಾಳ ದಾಟಿ ಪೇಟೆಯ ಕಡೆಗೆ ಹೋಗುವವರು ಮೇಖ್ರಿ ವೃತ್ತದ ಬಳಿ ದಿನವೂ ಆ ಮಂದಿರದ ಪಕ್ಕದಲ್ಲೇ ಹಾದುಹೋಗುತ್ತಾರೆ.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ದಾರ, ರವೆ, ಮೀಟಿನ ಜಾಗ, ಈ ಮೂರೂ ನಾದ ಹುಟ್ಟುವ ಕಡೆ ಕೆಲಸ ಮಾಡುತ್ತವೆ. ಎರಡನೆಯದಾಗಿ, ಈ ಮೂರೂ ನುಡಿಸುವವನ ಕೈಗೆ ಎಟಕುವಂಥವು. ವಿದ್ಯುತ್ತು ಬಂದ ಮೇಲೆ ಈ ಎರಡು ಸಂಗತಿಗಳೂ ಬದಲಾದವು.

ಮೈಸೂರು ಸಂಸ್ಥಾನಕ್ಕೆ ವಿದ್ಯುತ್ತು ಬೇಗನೆ ಬಂತು. ೧೯೦೨ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿ ಮುಟ್ಟಿತು. ೧೯೦೫ರಲ್ಲಿ ಬೆಂಗಳೂರಿನಲ್ಲಿ ದೀಪ ಬೆಳಗಿತು. ೧೯೩೫ರಲ್ಲಿ ಮೈಸೂರಿನ ಪ್ರಾಧ್ಯಾಪಕ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಒಂದು ಪುಟ್ಟ ಬಾನುಲಿ ಕೇಂದ್ರವನ್ನು ನಡೆಸತೊಡಗಿದರು. ಆಕಾಶವಾಣಿ ಎಂಬ ಹೆಸರು ಪ್ರಚಾರಕ್ಕೆ ಬಂದದ್ದು ಅಲ್ಲಿಂದ. ಬೆಂಗಳೂರು ಕೇಂದ್ರ ಪ್ರಾರಂಭವಾದದ್ದು ೧೯೫೫ರಲ್ಲಿ. ಮಧ್ಯಮವರ್ಗದ ಮನೆಗಳ ಪಡಸಾಲೆಗೆ ಕಸೂತಿ ಬಟ್ಟೆ ಹೊದ್ದ ವಾಲ್ವ್ ರೇಡಿಯೋ ಬಂದು ಕೂತಿತು. ಅದರ ಮುಖದ ಮೇಲಿನ ತಿರುಪುಗಳಲ್ಲಿ ಒಂದರ ಹೆಸರು ಟೋನ್. ಟೋನ್ ಕಂಟ್ರೋಲ್ ಎಂಬ ಮಾತು ನಮ್ಮ ಜನಕ್ಕೆ ಪರಿಚಯವಾದದ್ದು ಗಿಟಾರಿನಿಂದಲ್ಲ, ಹೀಗೆ.

ಆ ತಿರುಪು ಮಾಡುತ್ತಿದ್ದ ಕೆಲಸ ಬಹಳ ಸರಳ. ಸಿಲೋನ್ ಕೇಂದ್ರದ ಹಾಡಿನ ಜೊತೆಗೆ ಕುಕ್ಕರಿನ ಹಬೆಯಂತೆ ಹರಿದು ಬರುವ ಸುಯ್ಯೆಂಬ ಶಬ್ದವನ್ನು ತಗ್ಗಿಸಲು ಮನೆಯ ಹಿರಿಯರು ಅದನ್ನು ಒಂದು ಕಡೆಗೆ ತಿರುಗಿಸುತ್ತಿದ್ದರು. ಒಳಗೆ ಒಂದು ಕೆಪಾಸಿಟರ್ ಹೆಚ್ಚು ವೇಗದ ಕಂಪನಗಳನ್ನು ಪಕ್ಕದ ದಾರಿಯಿಂದ ನೆಲಕ್ಕೆ ಹರಿಸಿಬಿಡುತ್ತಿತ್ತು. ಸುಯ್ಯೆಂಬುದು ಹೋಗುತ್ತಿತ್ತು, ಹಾಡುವವರ ಸಕಾರ, ಷಕಾರಗಳ ಮೊನಚೂ ಅದರ ಜೊತೆಯಲ್ಲೇ ಹೋಗುತ್ತಿತ್ತು. ಈ ರೇಡಿಯೋಗಳ ಪ್ರಾಣವಾಗಿದ್ದ ಗಾಜಿನ ವಾಲ್ವುಗಳು ಮೊದಮೊದಲು ಹೊರದೇಶಗಳಿಂದ ಬರುತ್ತಿದ್ದವು. ೧೯೫೪ರಲ್ಲಿ ಜಾಲಹಳ್ಳಿಯಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ೧೯೬೧ರಲ್ಲಿ ರೇಡಿಯೋ ವಾಲ್ವುಗಳನ್ನು ಇಲ್ಲಿಯೇ ತಯಾರಿಸಲು ತೊಡಗಿತು. ಮರುವರ್ಷವೇ ಜರ್ಮೇನಿಯಮ್ಮಿನ ಟ್ರಾನ್ಸಿಸ್ಟರ್ ಮುಂತಾದವುಗಳನ್ನೂ ಕೈಗೆತ್ತಿಕೊಂಡಿತು. ಹೀಗೆ ವಾಲ್ವಿನ ಯುಗ, ಟ್ರಾನ್ಸಿಸ್ಟರಿನ ಯುಗ ಎರಡೂ ಒಂದೇ ಆವರಣದಲ್ಲಿ, ಒಂದು ವರ್ಷದ ಅಂತರದಲ್ಲಿ, ನಮ್ಮ ಉತ್ತರ ಬೆಂಗಳೂರಿಗೆ ಬಂದವು.

ಗಿಟಾರಿನ ಆಂಪ್ಲಿಫೈಯರ್ ಈ ರೇಡಿಯೋದ ದಾಯಾದಿ. ೧೯೩೦ರ ದಶಕದ ಅಮೆರಿಕದ ನೃತ್ಯಗೋಷ್ಠಿಗಳಲ್ಲಿ ತುತ್ತೂರಿ ಡ್ರಮ್ಮುಗಳ ನಡುವೆ ಗಿಟಾರಿನ ಧ್ವನಿ ಸಂತೆಯಲ್ಲಿ ಪಿಸುಮಾತಾಡಿದಂತೆ ಅಡಗಿಹೋಗುತ್ತಿತ್ತು. ರಿಕೆನ್‌ಬ್ಯಾಕರ್ ಕಂಪನಿ ೧೯೩೨ರಲ್ಲಿ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿತು; ಅದು ಮಡಿಲಲ್ಲಿ ಅಡ್ಡ ಇಟ್ಟುಕೊಂಡು ಕೋಲು ಜಾರಿಸಿ ನುಡಿಸುವ ಹವಾಯಿ ಜಾತಿಯದು. ಗಿಬ್ಸನ್ ಕಂಪನಿಯದು ೧೯೩೬ರಲ್ಲಿ ಬಂತು. ಅದರ ಮೈಮೇಲೆಯೇ ಧ್ವನಿಗೊಂದು, ಟೋನಿಗೊಂದು ತಿರುಪು. ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬಲ್ಲಿ ೧೯೩೮ರಿಂದ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್ ಮುಂದಿನ ದಶಕದಲ್ಲಿ ಗಿಟಾರಿಗಾಗಿ ಆಂಪ್ಲಿಫೈಯರುಗಳನ್ನು ಮಾಡಲು ಹೊರಟ. ಆತ ಗಿಟಾರ್ ವಾದಕನಲ್ಲ, ರೇಡಿಯೋದವನು. ಆದ್ದರಿಂದ ರೇಡಿಯೋದ ವಿದ್ಯೆಯೇ ಗಿಟಾರಿನ ಪೆಟ್ಟಿಗೆಯೊಳಗೆ ಬಂದಿತು.

ಮೊದಲಿನವು ತೀರ ಸರಳ. ಫೆಂಡರ್ ಕಂಪನಿಯ ಚಾಂಪ್ ಎಂಬ ಪುಟ್ಟ ಆಂಪ್ಲಿಫೈಯರಿನ ೧೯೫೦ರ ದಶಕದ ಮಾದರಿಯಲ್ಲಿ ಟೋನ್ ತಿರುಪೇ ಇರಲಿಲ್ಲ. ಧ್ವನಿಯನ್ನು ಏರಿಸಿ ಇಳಿಸುವುದೊಂದೇ. ಅದಕ್ಕಿಂತ ದೊಡ್ಡದರಲ್ಲಿ ಒಂದು ಟೋನ್ ತಿರುಪು. ಆ ದಶಕದ ಕೊನೆಗೆ ಬಂದ ಬಾಸ್‌ಮನ್ ಎಂಬ ಮಾದರಿಯಲ್ಲಿ ಬಾಸ್, ಮಿಡಲ್, ಟ್ರೆಬಲ್ ಎಂದು ಮೂರು, ಮೇಲೊಂದು ಪ್ರೆಸೆನ್ಸ್. ಇಂದಿನ ಅಂಗಡಿಯಲ್ಲಿ ಕಾಣುವ ತಿರುಪುಗಳ ಸಾಲಿಗೆ ಇದೇ ಮೂಲಪುರುಷ.

ಮಂದ್ರ, ಮಧ್ಯ, ತಾರ ಎಂಬ ನಮ್ಮ ಸ್ಥಾಯಿಗಳನ್ನು ನೆನೆದು ಈ ಮೂರನ್ನು ಅವಕ್ಕೆ ಹೊಂದಿಸುವ ಆಸೆ ಯಾರಿಗಾದರೂ ಆದೀತು. ಆದರೆ ಅದು ಸಲ್ಲದು. ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು ೮೨ ಸಲ ಕಂಪಿಸುತ್ತದೆ. ಅತಿ ಸಣ್ಣ ತಂತಿಯನ್ನು ಕಟ್ಟಕಡೆಯ ಮೆಟ್ಟಿನಲ್ಲಿ ಒತ್ತಿದರೂ ಕಂಪನ ಸುಮಾರು ೧,೩೦೦ಕ್ಕೆ ನಿಲ್ಲುತ್ತದೆ. ಟ್ರೆಬಲ್ ತಿರುಪಿನ ಮುಖ್ಯ ವ್ಯವಹಾರ ಅದಕ್ಕೂ ಮೇಲಿನ ಪ್ರದೇಶದಲ್ಲಿ. ಎಂದರೆ ಅದು ಮುಟ್ಟುವುದು ಸ್ವರವನ್ನಲ್ಲ, ಸ್ವರದ ಮೇಲೆ ಕೂತ ಉಪಸ್ವರಗಳನ್ನು. ತಂಬೂರಿಯ ಜೀವಾಳ ಎಬ್ಬಿಸುತ್ತಿದ್ದುದೂ ಅವನ್ನೇ ಅಲ್ಲವೆ?

ಆದರೆ ಜೀವಾಳಕ್ಕೂ ಈ ತಿರುಪಿಗೂ ಒಂದು ದೊಡ್ಡ ಅಂತರವಿದೆ. ಜೀವಾಳ ಉಪಸ್ವರಗಳನ್ನು ಹುಟ್ಟಿಸುತ್ತದೆ. ತಿರುಪು ಹುಟ್ಟಿದ್ದನ್ನು ಜರಡಿ ಹಿಡಿಯುತ್ತದೆ. ಬಾಸ್‌ಮನ್ ಜಾತಿಯ ಆಂಪ್ಲಿಫೈಯರಿನಲ್ಲಿ ಮೂರು ತಿರುಪುಗಳ ಹಿಂದೆ ಇರುವುದು ಕೆಲವು ಕೆಪಾಸಿಟರುಗಳು, ರೆಸಿಸ್ಟರುಗಳು. ಇವಕ್ಕೆ ಸ್ವಂತ ಬಲವಿಲ್ಲ. ಒಂದು ಸೇರು ರಾಗಿ ಜರಡಿಗೆ ಸುರಿದರೆ ಒಂದೂಕಾಲು ಸೇರು ಕೆಳಗೆ ಬೀಳುವುದುಂಟೆ? ಟ್ರೆಬಲ್ ಹತ್ತಕ್ಕೆ ಇಟ್ಟರೆ ತಾರಧ್ವನಿ ಹೆಚ್ಚಾಯಿತು ಎಂದು ನಮಗೆ ಅನ್ನಿಸುತ್ತದೆ. ವಾಸ್ತವವಾಗಿ ಆಗಿರುವುದು, ಅದನ್ನು ಕಡಿಮೆ ಕತ್ತರಿಸಿದ್ದು. ಮೂರನ್ನೂ ನಡುವೆ ನಿಲ್ಲಿಸಿದರೆ ಎಲ್ಲವೂ ಸಮವಾಗಿ ಹೊರಬರುತ್ತದೆಂದು ತಿಳಿಯುವುದು ಸಹಜ; ಅದೂ ತಪ್ಪು ಕಲ್ಪನೆ. ಆಗ ಮಧ್ಯದ ಕಂಪನಗಳಲ್ಲಿ ಒಂದು ತಗ್ಗು ಬಿದ್ದಿರುತ್ತದೆ. ಫೆಂಡರಿನ ಜೋಡಣೆಯಲ್ಲಿ ಬಾಸ್ ಮತ್ತು ಟ್ರೆಬಲ್ ಸೊನ್ನೆಗೆ ಇಳಿಸಿ, ಮಿಡಲ್ ಹತ್ತಕ್ಕೆ ಏರಿಸಿದಾಗ ನಾದ ಹೆಚ್ಚುಕಡಿಮೆ ಸಮವಾಗುತ್ತದೆ. ಅಲ್ಲದೆ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆ: ಒಂದನ್ನು ತಿರುಗಿಸಿದರೆ ಉಳಿದೆರಡರ ವರ್ತನೆಯೂ ಬದಲಾಗುತ್ತದೆ. ಅವಿಭಕ್ತ ಕುಟುಂಬದಲ್ಲಿ ಒಬ್ಬರ ಊಟದ ಹೊತ್ತು ಬದಲಾದರೆ ಇಡೀ ಮನೆಯ ಅಡುಗೆ ಬದಲಾಗುವಂತೆ!

ಹಾಗಾದರೆ ತಿರುಪು ಎಷ್ಟರಮಟ್ಟಿಗೆ ಮುಖ್ಯ? ಇದಕ್ಕೆ ಚರಿತ್ರೆಯೇ ಒಂದು ಪ್ರಯೋಗ ಮಾಡಿ ತೋರಿಸಿದೆ. ೧೯೬೦ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಅಮೆರಿಕದ ಆಂಪ್ಲಿಫೈಯರುಗಳ ಬೆಲೆ ವಿಪರೀತ. ಲಂಡನ್ನಿನ ಹ್ಯಾನ್‌ವೆಲ್‌ನಲ್ಲಿ ಡ್ರಮ್ ಅಂಗಡಿ ಇಟ್ಟಿದ್ದ ಜಿಮ್ ಮಾರ್ಷಲ್ ಮತ್ತು ಅವನ ಸಂಗಡಿಗರು ೧೯೬೨ರಲ್ಲಿ ಬಾಸ್‌ಮನ್ನಿನ ವಿನ್ಯಾಸವನ್ನೇ ಹೆಚ್ಚುಕಡಿಮೆ ಯಥಾವತ್ತಾಗಿ ಅನುಸರಿಸಿ ತಮ್ಮ ಮೊದಲ ಆಂಪ್ಲಿಫೈಯರನ್ನು ಮಾಡಿದರು. ಟೋನ್ ತಿರುಪುಗಳೂ ಅವೇ, ಅವುಗಳ ಹಿಂದಿನ ಜೋಡಣೆಯೂ ಅದೇ. ಆದರೆ ಒಳಗಿನ ಒಂದು ಮುಖ್ಯ ವಾಲ್ವಿನ ಜಾತಿ ಬೇರೆ, ಟ್ರಾನ್ಸ್‌ಫಾರ್ಮರ್ ಇಂಗ್ಲೆಂಡಿನದು. ಅಮೆರಿಕದ್ದರಲ್ಲಿ ಹಿಂದುಗಡೆ ತೆರೆದ ಪೆಟ್ಟಿಗೆಯಲ್ಲಿ ಹತ್ತು ಅಂಗುಲದ ನಾಲ್ಕು ಸ್ಪೀಕರುಗಳಿದ್ದರೆ, ಇವರು ಸೆಲೆಶನ್ ಕಂಪನಿಯ ಹನ್ನೆರಡು ಅಂಗುಲದ ಸ್ಪೀಕರುಗಳನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಕೂರಿಸಿದರು. ಫಲ? ಎರಡರ ನಾದವೂ ಬೇರೆ ಬೇರೆಯಾಯಿತು. ಒಂದೊಂದರ ಮೇಲೆ ಒಂದೊಂದು ಸಂಗೀತದ ಸಂಪ್ರದಾಯವೇ ಬೆಳೆಯಿತು. ಒಂದೇ ಜರಡಿ, ಎರಡು ನಾದ. ತಿರುಪುಗಳೇ ಸರ್ವಸ್ವವಾಗಿದ್ದರೆ ಹೀಗಾಗುತ್ತಿರಲಿಲ್ಲ.

ಸ್ಪೀಕರಿನ ಪ್ರಾಬಲ್ಯವನ್ನು ತಿಳಿಯಲು ನಾವು ಲಂಡನ್ನಿಗೆ ಹೋಗಬೇಕಾಗಿಲ್ಲ. ಗಣೇಶನ ಹಬ್ಬಕ್ಕೋ ಅಣ್ಣಮ್ಮನ ಉತ್ಸವಕ್ಕೋ ಬೀದಿಯ ಕಂಬಕ್ಕೆ ಕಟ್ಟುತ್ತಿದ್ದ ಕಹಳೆಯಾಕಾರದ ಹಾರನ್ನುಗಳನ್ನು ಕೇಳದ ಬೆಂಗಳೂರಿಗನಿಲ್ಲ. ಮೈಕ್‌ಸೆಟ್ಟಿನವನ ಆಂಪ್ಲಿಫೈಯರಿನಲ್ಲಿ ಬಾಸ್, ಟ್ರೆಬಲ್ ಎರಡೂ ತಿರುಪುಗಳಿರುತ್ತವೆ. ಬಾಸ್ ತಿರುಪನ್ನು ಕೊನೆಯವರೆಗೆ ತಿರುಗಿಸಿದರೂ ಆ ಹಾರನ್ನಿನಿಂದ ತಬಲದ ಎಡದ ಗುಮಕಿ ಹೊರಡುವುದಿಲ್ಲ. ಮಂದ್ರವನ್ನು ನುಡಿಯುವ ಶಕ್ತಿ ಅಷ್ಟು ಗಿಡ್ಡ ಕಹಳೆಗೆ ಇಲ್ಲ. ಗಿಟಾರಿನ ಹನ್ನೆರಡು ಅಂಗುಲದ ಸ್ಪೀಕರಿನ ಮಿತಿ ಇದಕ್ಕೆ ತಿರುಗುಮುರುಗು: ಸೆಕೆಂಡಿಗೆ ಸುಮಾರು ೫,೦೦೦ ಕಂಪನಗಳ ಮೇಲೆ ಅದು ಕೈಬಿಡುತ್ತ ಹೋಗುತ್ತದೆ. ಅದಕ್ಕೂ ಮೇಲಿನದನ್ನು ಟ್ರೆಬಲ್ ತಿರುಪು ಎಷ್ಟು ಬಿಟ್ಟುಕೊಟ್ಟರೇನು, ಕೊನೆಯ ಬಾಗಿಲು ಮುಚ್ಚಿದೆ.

ಇನ್ನು ಕೇಳುವ ಕಿವಿಯ ಸ್ವಭಾವ. ಧ್ವನಿ ಸಣ್ಣದಾದಾಗ ನಮ್ಮ ಕಿವಿಗೆ ಮಂದ್ರವೂ ಅತಿ ತಾರವೂ ಸರಿಯಾಗಿ ಕೇಳಿಸುವುದಿಲ್ಲ. ಧ್ವನಿ ದೊಡ್ಡದಾದಂತೆ ಅವು ತಾವಾಗಿಯೇ ತುಂಬಿಕೊಳ್ಳುತ್ತವೆ. ೧೯೩೩ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದರು. ಆದ್ದರಿಂದ ರಾತ್ರಿ ಕೋಣೆಯ ಬಾಗಿಲು ಹಾಕಿಕೊಂಡು, ಪಕ್ಕದ ಮನೆಯವರಿಗೆ ಹೆದರಿ ಮೆಲ್ಲಗೆ ನುಡಿಸುತ್ತ ಹೊಂದಿಸಿಕೊಂಡ ತಿರುಪುಗಳು ಮಾರನೆಯ ದಿನ 'ಕಾಲೇಜ್ ಡೇ' ವೇದಿಕೆಯ ಮೇಲೆ ಕೈಕೊಡುತ್ತವೆ. ಕೋಣೆಯಲ್ಲಿ ಹಿತವಾಗಿದ್ದ ಬಾಸ್ ಅಲ್ಲಿ ಗುಂಯ್ಗುಟ್ಟುತ್ತದೆ. ಯಂತ್ರ ಬದಲಾಗಿಲ್ಲ, ತಿರುಪು ಬದಲಾಗಿಲ್ಲ. ಬದಲಾದದ್ದು ಧ್ವನಿಯ ಪ್ರಮಾಣ ಮತ್ತು ಸ್ಥಳ.

ಇಷ್ಟನ್ನು ಓದಿದವರು ಟೋನ್ ತಿರುಪು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿದ್ದೇನೆಂದು ಭಾವಿಸಬಾರದು. ಬೆರಳು, ತಂತಿ, ವಾಲ್ವು, ಸ್ಪೀಕರು ಸೇರಿ ನಾದದ ಅಡುಗೆ ಮಾಡುತ್ತವೆ. ತಿರುಪು ಎಲೆಯ ತುದಿಗೆ ಬಡಿಸುವ ಉಪ್ಪು. ಉಪ್ಪಿನಿಂದ ಹುಳಿ ಆಗುವುದಿಲ್ಲ. ಆದರೆ ಅದಿಲ್ಲದೆ ಹುಳಿಯನ್ನು ಉಣ್ಣುವುದೂ ಆಗುವುದಿಲ್ಲ. ಅದರ ನಿಜವಾದ ಉಪಯೋಗ ಸ್ಥಳಕ್ಕೆ ತಕ್ಕಂತೆ ನಾದವನ್ನು ಒಗ್ಗಿಸುವುದರಲ್ಲಿದೆ: ತಗಡಿನ ಚಾವಣಿಯ ಕೆಳಗೆ ಒಂದು ರೀತಿ, ಜನ ತುಂಬಿದ ಸಭಾಂಗಣದಲ್ಲಿ ಒಂದು ರೀತಿ, ಬಯಲಿನಲ್ಲಿ ಒಂದು ರೀತಿ. ೧೯೫೨ರಲ್ಲಿ ಪೀಟರ್ ಬ್ಯಾಕ್ಸಂಡಾಲ್ ಎಂಬ ಇಂಗ್ಲಿಷ್ ಎಂಜಿನಿಯರು ಕತ್ತರಿಸುವುದಲ್ಲದೆ ಏರಿಸಲೂ ಬಲ್ಲ, ನಡುವೆ ನಿಲ್ಲಿಸಿದರೆ ಯಾವುದನ್ನೂ ಕೆಡಿಸದ ಒಂದು ಜೋಡಣೆಯನ್ನು ಪತ್ರಿಕೆಯೊಂದರಲ್ಲಿ ಪ್ರಕಟಿಸಿದ. ಮನೆಯ ಸಂಗೀತಯಂತ್ರಗಳಲ್ಲಿ ಅದು ಬಹುವಾಗಿ ಹಬ್ಬಿತು.

ಆದರೆ ಒಗ್ಗಿಸುವವರು ಯಾರು? ಇಲ್ಲಿಂದ ಮುಂದೆ ನಮ್ಮ ಸಂಗೀತದ ಕಥೆಯೂ ಗಿಟಾರಿನ ಕಥೆಯೂ ಎದುರುಬದುರಾಗಿ ನಿಲ್ಲುತ್ತವೆ.

ಮೈಸೂರಿನ ಅರಮನೆಯಲ್ಲಿ ವೀಣೆ ಶೇಷಣ್ಣನವರು ನುಡಿಸುತ್ತಿದ್ದಾಗ ಅವರ ಬೆರಳಿಗೂ ಕೇಳುವವರ ಕಿವಿಗೂ ನಡುವೆ ಗಾಳಿಯ ಹೊರತು ಬೇರೇನೂ ಇರಲಿಲ್ಲ. ೧೯೩೯ರಲ್ಲಿ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಲಿಯ ರಾಮನವಮಿಯ ಸಂಗೀತೋತ್ಸವ ಆರಂಭವಾಯಿತು. ಮುಂದೆ ಕೋಟೆ ಪ್ರೌಢಶಾಲೆಯ ಮೈದಾನದ ದೊಡ್ಡ ಚಪ್ಪರದಲ್ಲಿ ಜನ ಸಾವಿರಗಟ್ಟಲೆ ಸೇರತೊಡಗಿದರು. ಟಿಕೆಟ್ಟು ಕೊಳ್ಳಲಾಗದವರು ಬೇಲಿಯ ಹೊರಗೆ ರಸ್ತೆಯಲ್ಲಿ ಕೂತು ಕೇಳಿದರು. ಅರಮನೆಯ ಸಂಗೀತ ಹೀಗೆ ಬೀದಿಗೆ ಬಂದದ್ದು ದೊಡ್ಡ ಸಂಗತಿ; ಧ್ವನಿವರ್ಧಕವಿಲ್ಲದೆ ಅದು ಸಾಧ್ಯವಿರಲಿಲ್ಲ. ಆದರೆ ಅದಕ್ಕೆ ಒಂದು ಬೆಲೆಯನ್ನೂ ತೆತ್ತೆವು. ವಿದ್ವಾಂಸ ವೇದಿಕೆಯ ಮೇಲೆ ಜೀವಾಳ ಸರಿಪಡಿಸಿಕೊಂಡು, ರವೆ ಮೆತ್ತಿಕೊಂಡು ಸಿದ್ಧನಾಗುತ್ತಾನೆ. ಆ ಮೇಲೆ ಪಕ್ಕದಲ್ಲೆಲ್ಲೋ ಕೂತ ಮೈಕ್‌ಸೆಟ್ಟಿನವನು ತನಗೆ ತೋರಿದಂತೆ ತಿರುಪು ತಿರುಗಿಸುತ್ತಾನೆ. ವಿದ್ವಾಂಸನಿಗೆ ಕೇಳಿಸುವ ನಾದ ಒಂದು, ಜನಕ್ಕೆ ಕೇಳಿಸುವುದು ಇನ್ನೊಂದು. ಮೃದಂಗದ ಎಡ ಗುಡುಗಿ, ಪಿಟೀಲು ಗರಗಸವಾದ ಕಛೇರಿಗಳನ್ನು ನಾನೂ ಕೇಳಿದ್ದೇನೆ. ದೂರನ್ನು ಯಾರಿಗೆ ಹೇಳುವುದು? ಮೈಕ್‌ಸೆಟ್ಟಿನವನಿಗೆ ಸಂಗೀತ ಕಲಿಸಿದವರಿಲ್ಲ; ವಿದ್ವಾಂಸನಿಗೆ ತಿರುಪು ಕಲಿಸಿದವರಿಲ್ಲ.

ವೀಣೆಗೆ ಈ ತೊಡಕು ಎಲ್ಲಕ್ಕಿಂತ ಹೆಚ್ಚು. ಅದರ ನಾದ ಸಹಜವಾಗಿ ಸಣ್ಣದು. ಮೈಸೂರು ಶೈಲಿಯ ಮೀಟಿನ ಹದವನ್ನು ಬಾನುಲಿಯ ಮೂಲಕ ಮನೆಮನೆಗೆ ಮುಟ್ಟಿಸಿದ ವಿ. ದೊರೆಸ್ವಾಮಿ ಅಯ್ಯಂಗಾರ್ಯರ (೧೯೨೦–೧೯೯೭) ವಾದನವನ್ನು ಕೇಳಿದವರಿಗೆ ಆ ಸೂಕ್ಷ್ಮ ಗೊತ್ತು. ದೊಡ್ಡ ಚಪ್ಪರದಲ್ಲಿ ಅದು ಉಳಿಯುವುದು ಹೇಗೆ? ವೀಣೆಯ ಮೈಗೇ ಅಂಟಿಸುವ ಕಾಂಟ್ಯಾಕ್ಟ್ ಮೈಕ್ ಬಂತು. ಅದರ ಜೊತೆಗೆ ವಾದವೂ ಬಂತು. ವೀಣೆ ವೀಣೆಯಾಗಿ ಉಳಿಯಲಿಲ್ಲ, ಗಿಟಾರಾಯಿತು ಎಂದು ಸಂಪ್ರದಾಯನಿಷ್ಠರು ಮುಖ ಸಿಂಡರಿಸಿದರು. ಅವರ ಮಾತಿನಲ್ಲಿ ಸತ್ಯಾಂಶವಿದೆ: ಮರದ ಮೈಯ ನಡುಕವನ್ನು ನೇರವಾಗಿ ಹಿಡಿದರೆ, ಗಾಳಿಯಲ್ಲಿ ಹರಡಿ ಬೆರೆಯುವ ನಾದ ಸಿಕ್ಕುವುದಿಲ್ಲ. ಆದರೆ ಇನ್ನೊಂದು ಮುಖವನ್ನೂ ನೋಡಬೇಕು. ಅನೇಕ ವೈಣಿಕರು ಕಾಂಟ್ಯಾಕ್ಟ್ ಮೈಕಿನ ತಂತಿಯನ್ನು ತಮ್ಮ ಪಕ್ಕದಲ್ಲೇ ಇಟ್ಟುಕೊಂಡ ಒಂದು ಪುಟ್ಟ ಆಂಪ್ಲಿಫೈಯರಿಗೆ ಸೇರಿಸಿ, ಅದರ ತಿರುಪುಗಳನ್ನು ತಾವೇ ಹೊಂದಿಸಿಕೊಳ್ಳುವುದನ್ನು ಕಂಡಿದ್ದೇವೆ. ಕಳೆದುಹೋದ ಅಧಿಕಾರವನ್ನು ಅವರು ಅಷ್ಟರಮಟ್ಟಿಗೆ ಮರಳಿ ಪಡೆದುಕೊಂಡಿದ್ದಾರೆ.

ಗಿಟಾರ್ ವಾದಕ ಈ ಅಧಿಕಾರವನ್ನು ಮೊದಲಿನಿಂದಲೂ ತನ್ನಲ್ಲೇ ಉಳಿಸಿಕೊಂಡಿದ್ದ. ಅವನ ಆಂಪ್ಲಿಫೈಯರ್ ವೇದಿಕೆಯ ಮೇಲೆ, ಅವನ ಬೆನ್ನ ಹಿಂದೆ. ಕೈ ಚಾಚಿದರೆ ತಿರುಪು. ಅದು ಧ್ವನಿವರ್ಧಕವಾಗಿ ಉಳಿಯಲಿಲ್ಲ. ಕುಡಿಕೆ ವೀಣೆಗೆ ಹೇಗೋ ಹಾಗೆ ವಾದ್ಯದ ಅಂಗವೇ ಆಯಿತು. ನಮ್ಮ ಮಾರ್ಗಸಂಗೀತಕ್ಕೂ ಇದರ ಲಾಭ ಬಂದಿದೆ. ಮ್ಯಾಂಡೊಲಿನ್ನಿನ ಸ್ವರ ಮೀಟಿದೊಡನೆ ಸಾಯುತ್ತದೆ, ಗಮಕಕ್ಕೆ ಒದಗುವುದಿಲ್ಲ. ಯು. ಶ್ರೀನಿವಾಸ್ (೧೯೬೯–೨೦೧೪) ವಿದ್ಯುತ್ ಮ್ಯಾಂಡೊಲಿನ್ ಹಿಡಿದು ಆ ಕೊರತೆಯನ್ನು ನೀಗಿಸಿದರು. ಹವಾಯಿ ಗಿಟಾರಿನಲ್ಲಿ ರಾಗ ನುಡಿಸುವ ದಾರಿಯನ್ನು ೧೯೬೦ರ ದಶಕದಲ್ಲಿ ಬ್ರಿಜ್‌ಭೂಷಣ್ ಕಾಬ್ರಾ ತೆರೆದರು. ನಮ್ಮ ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆಯವರು ಆ ದಾರಿಯಲ್ಲಿ ನಡೆದವರು.

ಆದರೆ ಗಿಟಾರಿನವರ ಈ ಸ್ವಾತಂತ್ರ್ಯವೂ ಪೂರ್ತಿ ಉಳಿದಿಲ್ಲ. ೨೦೦೭ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ತಂಡ ಬಳ್ಳಾರಿ ರಸ್ತೆಯ ಅರಮನೆ ಮೈದಾನದಲ್ಲಿ ನುಡಿಸಿದಾಗ ಸೇರಿದಂಥ ಜನಸಮುದಾಯಕ್ಕೆ ಬೆನ್ನ ಹಿಂದಿನ ಆಂಪ್ಲಿಫೈಯರ್ ಎಲ್ಲಿ ಸಾಕಾದೀತು? ಇಂಥ ಕಡೆ ಆಂಪ್ಲಿಫೈಯರಿನ ಮುಂದೆ ಮೈಕ್ ಇಟ್ಟು, ಆ ಧ್ವನಿಯನ್ನು ಜನರ ನಡುವೆ ಕೂತ ಎಂಜಿನಿಯರಿನ ಮೇಜಿಗೆ ಒಯ್ಯುತ್ತಾರೆ. ಅಲ್ಲಿ ಮತ್ತೊಂದು ಸಾಲು ತಿರುಪುಗಳು, ಮತ್ತೊಂದು ಕೈ. ಇನ್ನೊಂದು ಕಡೆ, ಹಳೆಯ ಫೆಂಡರ್, ಮಾರ್ಷಲ್ಲುಗಳ ತಿರುಪುಗಳೆಲ್ಲ ಈಗ ಕಂಪ್ಯೂಟರಿನ ಲೆಕ್ಕಾಚಾರವಾಗಿ ಫೋನಿನ ಪರದೆಯ ಮೇಲೆ ಚಿತ್ರದಂತೆ ಬಂದು ನಿಂತಿವೆ. ನಮ್ಮ ತಂಬೂರಿಗೂ ಹಾಗೆಯೇ ಆಯಿತು. ಬೆಂಗಳೂರಿನ ಎಂಜಿನಿಯರ್ ಮತ್ತು ಕೊಳಲುವಾದಕ ಜಿ. ರಾಜ್‌ನಾರಾಯಣ್ ಅವರ ರಾಡೆಲ್ ಸಂಸ್ಥೆ ಎಲೆಕ್ಟ್ರಾನಿಕ್ ತಂಬೂರಿಯನ್ನು ಮನೆಮನೆಗೆ ತಂದಿತು. ಅದರಿಂದ ಆದ ಉಪಕಾರ ಅಪಾರ. ತಂಬೂರಿ ಹೊತ್ತು ತಿರುಗಲಾರದ, ಮೀಟಲು ಶಿಷ್ಯರಿಲ್ಲದ ಎಷ್ಟೋ ಜನ ಶ್ರುತಿ ಬಿಡದೆ ಅಭ್ಯಾಸ ಮಾಡುವಂತಾಯಿತು. ಆದರೆ ಅದರಲ್ಲಿ ಶ್ರುತಿಗೆ ತಿರುಪುಂಟು, ಧ್ವನಿಗೆ ತಿರುಪುಂಟು. ಸರಿಸಲು ಜೀವಾಳದ ದಾರವಿಲ್ಲ. ದಾರ ಸರಿಸಿ ಕಿವಿಗೊಟ್ಟು ಕಾಯುವ ಆ ಎರಡು ನಿಮಿಷಗಳಲ್ಲಿ ವಿದ್ಯಾರ್ಥಿಯ ಕಿವಿ ಪಡೆಯುತ್ತಿದ್ದ ಶಿಕ್ಷಣ ಬೇರೆಲ್ಲಿ ಸಿಕ್ಕುತ್ತದೆ?

ನನ್ನ ಮಟ್ಟಿಗೆ ಈ ಚರಿತ್ರೆಯ ಪಾಠ ಇಷ್ಟು. ತಿರುಪುಗಳ ಸಂಖ್ಯೆ ನೋಡಿ ಆಂಪ್ಲಿಫೈಯರ್ ಕೊಳ್ಳುವುದು, ಒಗ್ಗರಣೆ ಡಬ್ಬಿಯಲ್ಲಿ ಎಷ್ಟು ಗೂಡುಗಳಿವೆ ಎಂದು ನೋಡಿ ಅಡುಗೆಯವರನ್ನು ಗೊತ್ತುಮಾಡಿದಂತೆ. ಮೊದಲು ಎಲ್ಲ ತಿರುಪುಗಳನ್ನೂ ಮರೆತು ಸ್ಪೀಕರಿನ ನಾದವನ್ನು ಕೇಳಬೇಕು. ಅದು ಹಿತವಾಗಿದ್ದರೆ ಒಂದು ತಿರುಪು ಸಾಕು, ಹಿತವಾಗಿಲ್ಲದಿದ್ದರೆ ನಾಲ್ಕೂ ಸಾಲವು. ಹಾಗೆಂದು ಇರುವ ತಿರುಪನ್ನು ಇನ್ನೊಬ್ಬರಿಗೆ ಬಿಟ್ಟುಕೊಡುವುದೂ ಸಲ್ಲದು. ಅದು ಮಾಡುವ ಬದಲಾವಣೆ ಸಣ್ಣದಾದರೂ, ಕಲಾವಿದ ನಿರ್ಣಯಿಸಬೇಕಾದ ಬದಲಾವಣೆ ಅದು.

ನಮ್ಮ ಸಂಗೀತಸಭೆಗಳವರು ಇದರ ಕಡೆಗೆ ಸ್ವಲ್ಪ ಗಮನ ಕೊಡಬೇಕೆಂದು ನನ್ನ ವಿನಂತಿ. ಹಾರ ತುರಾಯಿಗಳಿಗೆ, ಸ್ವಾಗತಭಾಷಣಕ್ಕೆ ಮೀಸಲಿಡುವ ಹೊತ್ತಿನಲ್ಲಿ ಒಂದು ಹತ್ತು ನಿಮಿಷ ಉಳಿಸಿ, ಕಛೇರಿಗೆ ಮೊದಲು ವಿದ್ವಾಂಸರನ್ನು ಸಭಾಂಗಣದ ಹಿಂದಿನ ಸಾಲಿನಲ್ಲಿ ಕೂರಿಸಿ, ಅವರ ಶಿಷ್ಯರೊಬ್ಬರಿಂದ ವೇದಿಕೆಯ ಮೇಲೆ ನಾಲ್ಕು ಸ್ವರ ನುಡಿಸಲಿ. ವಿದ್ವಾಂಸರು ಅಲ್ಲಿಂದಲೇ ಹೇಳಲಿ, ಮೈಕ್‌ಸೆಟ್ಟಿನವರು ಅವರು ಹೇಳಿದಂತೆ ತಿರುಪು ತಿರುಗಿಸಲಿ. ಖರ್ಚಿಲ್ಲದ ಏರ್ಪಾಡು. ಹಿಂದಿನ ಸಾಲಿನ ಅಗ್ಗದ ಟಿಕೆಟ್ಟಿನವರಿಗೂ ಆಗ ಮುಂದಿನ ಸಾಲಿನ ಗಣ್ಯರಿಗೆ ಕೇಳಿಸುವ ವೀಣೆಯೇ ಕೇಳಿಸೀತು.